ರೆಸಿನ್ ಅಂಗಳದಲ್ಲಿ ನೀರು ನಿಂತರೆ: ಚಳಿಗಾಲದ ದೋಷ ಪತ್ತೆ

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ನಮ್ಮ ಮನೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿನ ಮಳೆ ಸುರಿಯುವುದಕ್ಕಿಂತ ಜಿನುಗುವುದೇ ಹೆಚ್ಚು. ತೀರ್ಥಹಳ್ಳಿಯ ಜಡಿಮಳೆ ನೋಡಿ ಬೆಳೆದ ನನಗೆ ಮೊದಲ ವರ್ಷ ಇದು ಮಳೆ ಎನಿಸಿರಲೇ ಇಲ್ಲ. ಆದರೆ ಅಂಗಳವನ್ನು ಕೆಡಿಸುವುದು ಈ ಜಿನುಗೇ. ಹೊಡೆದು ಹೋಗುವ ಮಳೆ ತೊಳೆದು ಹೋಗುತ್ತದೆ, ಜಿನುಗುವ ಮಳೆ ಒಣಗಲು ಬಿಡುವುದಿಲ್ಲ. ಅದರ ಬೆನ್ನಿಗೆ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.

ಮನೆಯ ಮುಂದಿನ ಡ್ರೈವ್‌ವೇಗೆ, ಅಂದರೆ ಕಾರು ನಿಲ್ಲಿಸುವ ಅಂಗಳಕ್ಕೆ, ರೆಸಿನ್ ಎಂಬ ಅಂಟಿನಲ್ಲಿ ಕಲಸಿದ ಕಲ್ಲುಹರಳಿನ ನೆಲ ಹಾಕಿಸಿದ ಮೊದಲ ಡಿಸೆಂಬರಿನಲ್ಲೇ ಗ್ಯಾರೇಜ್ ಬಾಗಿಲ ಮುಂದೆ ನೀರು ನಿಂತು, ಬೆಳಗಾಗುವಷ್ಟರಲ್ಲಿ ಗಾಜಿನಂತೆ ಹೆಪ್ಪುಗಟ್ಟಿತು. ಸಂದುಗಳಲ್ಲಿ ಎಲೆ ಕಟ್ಟಿಕೊಂಡಿದೆ ಎಂದು ನಾನೇ ತೀರ್ಮಾನಿಸಿ ಎರಡು ಚಳಿಗಾಲ ತೊಳೆದೆ, ಗುಡಿಸಿದೆ, ಮತ್ತೆ ತೊಳೆದೆ. ದೋಷ ಇದ್ದದ್ದು ನಾನು ತೊಳೆಯುತ್ತಿದ್ದ ಜಾಗಕ್ಕಿಂತ ಎರಡು ಸೆಂಟಿಮೀಟರ್ ಕೆಳಗೆ. ಆ ಎರಡು ವರ್ಷದ ಬೆನ್ನುನೋವು ಬೇರೆಯವರಿಗೆ ತಪ್ಪಲಿ ಎಂದು, ಆಮೇಲೆ ಕಲಿತದ್ದನ್ನೂ ಸ್ನೇಹಿತರ ಅಂಗಳಗಳಲ್ಲಿ ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸರಿಯಾಗಿರುವ ಅಂಗಳ ಹೇಗಿರುತ್ತದೆ

ದೋಷ ಗುರುತಿಸಬೇಕಾದರೆ ಮೊದಲು ನೆಟ್ಟಗಿರುವುದು ಹೇಗಿರುತ್ತದೆ ಎಂದು ಗೊತ್ತಿರಬೇಕು. ರೆಸಿನ್ ಬೌಂಡ್ ಅಂಗಳವನ್ನು ಪುರಿ ಉಂಡೆಯಂತೆ ಕಲ್ಪಿಸಿಕೊಳ್ಳಿ. ಬೆಲ್ಲದ ಪಾಕ ಪ್ರತಿಯೊಂದು ಪುರಿಗೂ ಮೆತ್ತಿಕೊಂಡು ಪಕ್ಕದ್ದನ್ನು ಹಿಡಿದುಕೊಳ್ಳುತ್ತದೆ, ಆದರೆ ನಡುವಿನ ಸಂದುಗಳು ಖಾಲಿಯೇ ಉಳಿಯುತ್ತವೆ. ಇಲ್ಲಿ ಪುರಿಯ ಬದಲು ಚೆನ್ನಾಗಿ ಒಣಗಿಸಿದ ಸಣ್ಣ ಕಲ್ಲುಹರಳು, ಪಾಕದ ಬದಲು ಪಾಲಿಯುರೆಥೇನ್ ರೆಸಿನ್. ಎರಡನ್ನೂ ಮಿಕ್ಸರಿನಲ್ಲಿ ಕಲಸಿ, ಕರಣೆಯಿಂದ ಎಳೆದು ಸಮ ಮಾಡುತ್ತಾರೆ. ಕಾರು ಓಡಾಡುವ ಕಡೆ ಸಾಮಾನ್ಯವಾಗಿ 18 ಮಿ.ಮೀ. ದಪ್ಪ. ಅದರ ಕೆಳಗೆ ನೀರು ಬಿಡುವ ಬಗೆಯ ಡಾಂಬರು, ಅದರ ಕೆಳಗೆ ಪುಡಿಯಿಲ್ಲದ ದಪ್ಪ ಜಲ್ಲಿ, ಆಮೇಲೆ ಮಣ್ಣು. ಮಳೆನೀರು ಈ ನಾಲ್ಕೂ ಮೆಟ್ಟಿಲು ಇಳಿದು ಹೋಗಬೇಕು.

ಹಾಗೆ ಇಳಿದರೆ ಚಳಿಗಾಲದಲ್ಲಿ ಇದರಷ್ಟು ನೆಮ್ಮದಿಯ ನೆಲ ಬೇರೆ ಇಲ್ಲ. ಮಳೆ ನಿಂತ ಕೆಲವೇ ನಿಮಿಷಗಳಲ್ಲಿ ಮೇಲ್ಮೈಯಲ್ಲಿ ನೀರು ಕಾಣುವುದಿಲ್ಲ. ಹಗಲು ಕರಗಿದ ಹಿಮದ ನೀರು ಕೆಳಗಿಳಿದಿರುವುದರಿಂದ ರಾತ್ರಿ ಮತ್ತೆ ಹೆಪ್ಪುಗಟ್ಟಿ ಹಾಳೆಯಾಗುವುದಿಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಸಂದುಗಳು ಖಾಲಿ ಇದ್ದರೆ ಆ ಹಿಗ್ಗಿಗೆ ಜಾಗವಿದೆ, ತುಂಬಿದ್ದರೆ ಅದು ಕಲ್ಲನ್ನೇ ತಳ್ಳುತ್ತದೆ. ಆದ್ದರಿಂದ ಚಳಿಗಾಲದ ಯಾವ ದೂರು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ನೀರು ಎಲ್ಲಿ ನಿಂತಿದೆ? ಮೇಲ್ಮೈಯಲ್ಲೋ, ರೆಸಿನ್ ಪದರದ ಒಳಗೋ, ಅಡಿಪದರದ ಮೇಲೋ, ಮಣ್ಣಿನಲ್ಲೋ?

ಮಾರುವವರು ಹೇಳುವ ಒಂದು ಮಾತನ್ನು ನಂಬಬೇಡಿ. "ಇದರ ಮೇಲೆ ಐಸ್ ಆಗುವುದೇ ಇಲ್ಲ" ಎನ್ನುತ್ತಾರೆ. ಗಾಳಿಯ ತೇವ ರಾತ್ರಿ ಬಿಳಿ ಪುಡಿಯಾಗಿ ಕೂರುವುದು ಕಾರಿನ ಗಾಜಿನ ಮೇಲಾದರೂ ಸರಿ, ರೆಸಿನ್ ಮೇಲಾದರೂ ಸರಿ. ಅದು ದೋಷವಲ್ಲ. ದಪ್ಪನೆಯ, ನುಣುಪಾದ, ಪ್ರತಿ ಸಲವೂ ಅದೇ ಜಾಗದಲ್ಲಿ ಮೂಡುವ ಮಂಜುಗಡ್ಡೆ ಮಾತ್ರ ದೋಷ.

ನಿಮ್ಮದು ಬೌಂಡೋ, ಬಾಂಡೆಡ್ಡೋ?

ಹೆಸರು ಒಂದೇ ಅಕ್ಷರದಷ್ಟು ದೂರ, ಗುಣ ಅಜಗಜಾಂತರ. ಬಾಂಡೆಡ್ ಎಂದರೆ ನೆಲಕ್ಕೆ ರೆಸಿನ್ ಬಳಿದು ಮೇಲೆ ಹರಳು ಉದುರಿಸಿದ್ದು, ಕಜ್ಜಾಯದ ಮೇಲೆ ಗಸಗಸೆ ಹಾಕಿದ ಹಾಗೆ. ಅದು ನೀರು ಬಿಡುವುದೇ ಇಲ್ಲ. ಅಂಗೈಯಿಂದ ಸವರಿದರೆ ಮರಳು ಕಾಗದದಂತೆ ತರಿತರಿಯಾಗಿರುತ್ತದೆ. ಬೌಂಡ್ ಆದರೆ ಕರಣೆ ಎಳೆದ ಸಮತಟ್ಟು ಗೊತ್ತಾಗುತ್ತದೆ. ಒಂದು ಲೋಟ ನೀರು ಚೆಲ್ಲಿ: ಹರಿದು ಓಡಿದರೆ ಬಾಂಡೆಡ್ ಇರಬಹುದು. ಆಗ ವಾಟ ಸರಿಯಿದೆಯೇ ಎಂದಷ್ಟೇ ನೋಡಬೇಕು, ಈ ಬರಹದ ಉಳಿದ ಭಾಗ ನಿಮಗೆ ಹೆಚ್ಚು ಉಪಯೋಗವಿಲ್ಲ.

ನೀರು ನಿಲ್ಲುವುದು

ಮಳೆ ನಿಂತ ಕೂಡಲೇ ಹೊರಗೆ ಹೋಗಿ ನಿಂತ ನೀರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒದ್ದೆಯಲ್ಲಿ ಸೀಮೆಸುಣ್ಣ ಹಿಡಿಯದಿದ್ದರೆ ಫೋನಿನಲ್ಲಿ ಚಿತ್ರ ತೆಗೆಯಿರಿ. ಒಂದು ಗಂಟೆ ಬಿಟ್ಟು ಮತ್ತೊಂದು, ಮರುದಿನ ಬೆಳಿಗ್ಗೆ ಇನ್ನೊಂದು. ಒದ್ದೆಯಾದ ರೆಸಿನ್ ಅಂಗಳ ಗಾಢ ಬಣ್ಣಕ್ಕೆ ತಿರುಗಿ ಒಣಗುತ್ತಾ ತಿಳಿಯಾಗುತ್ತದೆ. ಉಳಿದೆಲ್ಲ ತಿಳಿಯಾದ ಮೇಲೂ ಗಾಢವಾಗಿಯೇ ಉಳಿಯುವ ಜಾಗ ಯಾವುದೋ ಅದರ ಕೆಳಗೆ ನೀರಿದೆ. ಮೇಲೆ ಕೊಚ್ಚೆ ಕಾಣದಿದ್ದರೂ ಸರಿಯೇ. ನನ್ನ ಅಂಗಳದಲ್ಲಿ ಈ ಕಪ್ಪು ಕಲೆ ಗ್ಯಾರೇಜಿನಿಂದ ಹೊರಟು ಇಡೀ ಉದ್ದಕ್ಕೆ ಪಟ್ಟೆಯಂತೆ ಬಿದ್ದಿತ್ತು. ನಾನು ನೋಡುತ್ತಿದ್ದದ್ದು ಬಾಗಿಲ ಮುಂದಿನ ಮಂಜುಗಡ್ಡೆಯನ್ನು ಮಾತ್ರ.

ಇನ್ನು ಬಕೆಟ್ ಪರೀಕ್ಷೆ. ತಳ ಕತ್ತರಿಸಿದ, ಸುಮಾರು 30 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಬಕೆಟನ್ನು ನೆಲದ ಮೇಲಿಟ್ಟು ಸುತ್ತಲೂ ಸೋರದಂತೆ ಮೆತ್ತಬೇಕು. ಪ್ಲಂಬರ್ ಬಳಸುವ ಪುಟ್ಟಿ ಒಳ್ಳೆಯದು. ನಾನು ಚಪಾತಿ ಹಿಟ್ಟು ಮೆತ್ತಿದೆ, ಮನೆಯಲ್ಲಿ ಅದರ ಬಗ್ಗೆ ಎರಡು ದಿನ ಮಾತಾಯಿತು. ಈ ಅಗಲಕ್ಕೆ ಒಂದು ಲೀಟರ್ ನೀರು ಎಂದರೆ ಸುಮಾರು 14 ಮಿ.ಮೀ. ಎತ್ತರ. ಮೊದಲು ತೊಂದರೆಯಿಲ್ಲದ ಜಾಗದಲ್ಲಿ ಐದು ಲೀಟರ್ ಸುರಿದು ಹೊತ್ತು ನೋಡಿ, ಆಮೇಲೆ ತೊಂದರೆಯ ಜಾಗದಲ್ಲಿ. ಅಂಕಿಗಿಂತ ನೀರು ನಡೆದುಕೊಳ್ಳುವ ರೀತಿ ಮುಖ್ಯ.

ಮೊದಲ ಲೋಟದಿಂದಲೇ ನೀರು ಮೇಲೆಯೇ ನಿಂತರೆ ಸಂದುಗಳ ಬಾಯಿ ಕಟ್ಟಿದೆ. ಕೊಳೆತ ಎಲೆ, ಮಣ್ಣಿನ ಕೆಸರು, ಪಕ್ಕದ ಹೂದೋಟದಿಂದ ತೊಳೆದು ಬಂದ ಗೊಬ್ಬರ, ಪಾಚಿ. ಇದು ಅಗ್ಗದ ದೋಷ. ಗಟ್ಟಿ ಪೊರಕೆಯಿಂದ ಗುಡಿಸಿ, ಬೀಸಣಿಗೆಯಂತೆ ಹರಡುವ ನಳಿಕೆ ಹಾಕಿ ಪ್ರೆಷರ್ ವಾಷರಿನಿಂದ ತೊಳೆಯಬಹುದು. ಒತ್ತಡ 150 ಬಾರ್ ಮೀರಬಾರದು, ನಳಿಕೆ ನೆಲಕ್ಕೆ 20 ಸೆಂ.ಮೀ.ಗಿಂತ ಹತ್ತಿರ ಬರಬಾರದು. ತಿರುಗುವ ತಲೆಯ ನಳಿಕೆ ಬೇಡವೇ ಬೇಡ, ಅದು ಹರಳು ಕೀಳುತ್ತದೆ. ತೊಳೆದ ಮೇಲೆ ಬಕೆಟ್ ಪರೀಕ್ಷೆ ಮತ್ತೆ ಮಾಡಿ. ನಾನು ಮಾಡದೆ ಬಿಟ್ಟ ಕೆಲಸ ಇದೇ. ಮಾಡಿದ್ದರೆ ಮೊದಲ ಚಳಿಗಾಲದಲ್ಲೇ ಗೊತ್ತಾಗುತ್ತಿತ್ತು.

ಮೊದಲ ಒಂದೆರಡು ಲೀಟರ್ ಗಟಗಟನೆ ಇಳಿದು, ಆಮೇಲೆ ಮಟ್ಟ ಏರತೊಡಗಿ, ಬಕೆಟಿನಿಂದ ಒಂದು ಅಡಿ ಆಚೆ ತಗ್ಗಿನ ಕಡೆ ನೀರು ಒಸರಿದರೆ ಮೇಲ್ಪದರ ಚೆನ್ನಾಗಿದೆ, ಅದರ ಕೆಳಗಿನದು ನೀರು ಬಿಡುತ್ತಿಲ್ಲ. 18 ಮಿ.ಮೀ. ಪದರದ ಸಂದುಗಳು ಎಷ್ಟು ನೀರು ಹಿಡಿದಾವು? ತುಂಬಿದ ಮೇಲೆ ಅಡ್ಡಕ್ಕೆ ಹರಿಯಲೇಬೇಕು. ನನ್ನ ಅಂಗಳದಲ್ಲಿ ಹೀಗೆಯೇ ಆಯಿತು. ನಂಬಿಕೆ ಬಾರದೆ, ಕಾರು ನಿಲ್ಲಿಸುವ ಮೂಲೆಯಲ್ಲಿ ಡ್ರಿಲ್ ಇಳಿಸಿದೆ. ಹಾಕಿದವರು ಕೊಟ್ಟ ಕಾಗದದಲ್ಲಿ ನೀರು ಬಿಡುವ ಡಾಂಬರು ಎಂದಿತ್ತು. ಡ್ರಿಲ್ಲಿನ ಜೊತೆ ಮೇಲೆ ಬಂದದ್ದು ಕಪ್ಪು ಚೂರಲ್ಲ, ಬೂದು ಪುಡಿ. ಹಳೆಯ ಕಾಂಕ್ರೀಟಿನ ಮೇಲೆಯೇ ರೆಸಿನ್ ಎಳೆದಿದ್ದರು, ಆ ಕಾಂಕ್ರೀಟಿನ ವಾಟ ಗ್ಯಾರೇಜಿನ ಕಡೆಗೆ ಇತ್ತು.

ಕಾಂಕ್ರೀಟಿನ ಮೇಲೆ ಹಾಕುವುದೇ ತಪ್ಪು ಎಂದಲ್ಲ. ಗಟ್ಟಿಯಾಗಿದ್ದರೆ ಹಾಕಬಹುದು, ಆದರೆ ಆಗ ಅದು ನೀರು ಇಂಗಿಸುವ ಅಂಗಳವಲ್ಲ. ವಾಟ, ಅಂಚಿನ ಚರಂಡಿ ಎರಡನ್ನೂ ಮೊದಲೇ ಯೋಚಿಸಿರಬೇಕು. ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನಿನ ಮುಖವೂ ಇದೆ. 2007ರ ಬೇಸಿಗೆಯ ದೊಡ್ಡ ನೆರೆಯ ಬಳಿಕ, 2008ರ ಅಕ್ಟೋಬರ್ 1ರಿಂದ ಮನೆಯ ಮುಂಭಾಗದಲ್ಲಿ 5 ಚದರ ಮೀಟರ್ ಮೀರಿ ನೀರು ಇಂಗದ ನೆಲ ಹಾಕಿಸಿದರೆ, ಅದರ ನೀರನ್ನು ನಿಮ್ಮದೇ ಜಾಗದ ಮಣ್ಣಿಗೆ ತಿರುಗಿಸದ ಹೊರತು, ಯೋಜನಾ ಅನುಮತಿ ಬೇಕು. "ರೆಸಿನ್ ಹಾಕಿದ್ದೇವೆ, ಅನುಮತಿ ಬೇಕಿಲ್ಲ" ಎಂಬ ಮಾತು ಕೆಳಗಿನ ಪದರವನ್ನು ನೋಡದೆ ಹೇಳುವ ಮಾತು.

ಹಾಕಿದವರಿಗೆ ಫೋನ್ ಮಾಡಿದೆ. ಚಳಿಗಾಲದಲ್ಲಿ ಎಲ್ಲರದೂ ಹೀಗೆಯೇ ಎಂದರು. ಕೊನೆಗೆ ಬೇರೊಬ್ಬರಿಂದ ಗ್ಯಾರೇಜ್ ಬಾಗಿಲಿನ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ, ಜಾಲರಿ ಮುಚ್ಚಳದ ಚರಂಡಿ ಕೂರಿಸಿ, ಕೊಳವೆಯನ್ನು ಹಿತ್ತಲಿನ ಇಂಗುಗುಂಡಿಗೆ ಬಿಡಿಸಿದೆ. ಇಂಗುಗುಂಡಿ ಮನೆಯ ಗೋಡೆಯಿಂದ ಕನಿಷ್ಠ 5 ಮೀಟರ್ ದೂರ ಇರಬೇಕು ಎಂಬುದು ಇಲ್ಲಿನ ನಿಯಮ. ಶೌಚದ ಕೊಳವೆಗೆ ಜೋಡಿಸಿ ಕೈತೊಳೆದುಕೊಳ್ಳುವವರಿದ್ದಾರೆ, ಒಪ್ಪಬೇಡಿ.

ಮೂರನೆಯ ಬಗೆ ತುಸು ಮೋಸದ್ದು. ಬಕೆಟಿನ ನೀರೆಲ್ಲ ಸರಾಗವಾಗಿ ಇಳಿಯುತ್ತದೆ, ಆದರೆ ಎರಡು ದಿನ ಬಿಡದೆ ಮಳೆ ಬಂದಾಗ ಅಂಗಳ ಕೆರೆಯಾಗುತ್ತದೆ. ಇಲ್ಲಿ ರೆಸಿನನ್ನು ದೂರಬೇಡಿ. ಮಣ್ಣು ಜೇಡಿ ಇರಬಹುದು. ಗ್ರೇಟರ್ ಮ್ಯಾಂಚೆಸ್ಟರಿನ ಬಹುಭಾಗದ ಅಡಿಯಲ್ಲಿ ಹಿಮನದಿಗಳು ಬಿಟ್ಟುಹೋದ ಜೇಡಿಮಣ್ಣಿದೆ, ಲಂಡನ್ನಿನ ಜೇಡಿಯಂತೂ ಹೆಸರುವಾಸಿ. ಅಥವಾ ಜಲ್ಲಿಯಲ್ಲಿ ಪುಡಿ ಸೇರಿದ್ದು ಗಾರೆಯಂತೆ ಬಿಗಿದಿರಬಹುದು. ಇವೆರಡಕ್ಕೂ ಮೊದಲು ತಲೆ ಎತ್ತಿ ನೋಡಿ. ಮಾಡಿನ ದೋಣಿಯ ಕೊಳವೆ ಒಡೆದು ಇಡೀ ಛಾವಣಿಯ ನೀರು ಅಂಗಳದ ಮೂಲೆಗೆ ಬೀಳುತ್ತಿದ್ದುದನ್ನು ನಾನು ಒಬ್ಬ ಸ್ನೇಹಿತರ ಮನೆಯಲ್ಲಿ ಕಂಡೆ. ಅವರು ಡ್ರೈವ್‌ವೇ ಅಗೆಸಲು ಮುಂಗಡ ಕೊಟ್ಟಾಗಿತ್ತು.

ನೀರಿಗೆ ಸಂಬಂಧಿಸಿ ಇನ್ನೊಂದು, ಮನೆಯೊಳಗೆ ಕಾಣುವ ಲಕ್ಷಣ. ಅಂಗಳಕ್ಕೆ ತಾಗಿದ ಗೋಡೆ ಒಳಬದಿಯಲ್ಲಿ, ನೆಲದಿಂದ ಮೊಣಕಾಲೆತ್ತರದವರೆಗೆ ಚಳಿಗಾಲದಲ್ಲಿ ತೇವ ಹಿಡಿದರೆ ಹೊರಗಿನ ಮಟ್ಟ ಅಳೆಯಿರಿ. ಇಟ್ಟಿಗೆ ಸಾಲಿನ ನಡುವೆ ತೇವ ತಡೆಯುವ ಪದರದ ತೆಳು ಗೆರೆ ಇರುತ್ತದೆ. ಅಂಗಳ ಅದಕ್ಕಿಂತ 150 ಮಿ.ಮೀ. ಆದರೂ ಕೆಳಗಿರಬೇಕು. ಹಳೆಯ ನೆಲ ಅಗೆಯದೆ ಅದರ ಮೇಲೆಯೇ ಪದರ ಏರಿಸಿದಾಗ ಈ ಅಂತರ ಕರಗಿಹೋಗುತ್ತದೆ.

ಕಲ್ಲು ಕಳಚುವುದು

ಹಾಕಿದ ಹೊಸದರಲ್ಲಿ ನಾಲ್ಕಾರು ಹರಳು ಬಿಡುವುದು ಸಹಜ. ಚಳಿಗಾಲದಲ್ಲಿ ಪ್ರತಿ ವಾರ ಒಂದು ಹಿಡಿ ಗುಡಿಸುವಂತಾದರೆ, ಉದುರಿದ ಜಾಗದ ಆಕಾರ ನೋಡಿ. ಆಕಾರವೇ ಅರ್ಧ ಉತ್ತರ.

ಚಕ್ರ ನಿಂತಲ್ಲೇ ತಿರುಗುವ ಕಡೆ ಬಟ್ಟಲಿನಂತೆ ಸವೆದಿದ್ದರೆ ಅದು ಸ್ಟೀರಿಂಗಿನ ಕೆಲಸ. ಕಾರು ಸ್ವಲ್ಪ ಚಲಿಸುತ್ತಿರುವಾಗ ತಿರುಗಿಸಲು ಅಭ್ಯಾಸ ಮಾಡಿಕೊಳ್ಳಿ. ಅಂಚಿನಲ್ಲಷ್ಟೇ ಉದುರಿದರೆ ಅಂಚಿಗೆ ಕಟ್ಟೆಯ ಆಸರೆ ಇಲ್ಲ. ಉದುರಿದ ಜಾಗಕ್ಕೆ ಸ್ಪಷ್ಟ ಗಡಿಯಿದ್ದು, ಸುಮಾರು 3 ಚದರ ಮೀಟರ್ ತೇಪೆಯಂತೆ ಕಂಡರೆ ಒಂದು ಮಿಕ್ಸರ್ ಮಾಲು ಕೆಟ್ಟಿದೆ ಎಂದೇ ಲೆಕ್ಕ. ಒಂದು ಸಲ ಕಲಸಿದ್ದು 18 ಮಿ.ಮೀ. ದಪ್ಪದಲ್ಲಿ ಹೆಚ್ಚುಕಡಿಮೆ ಅಷ್ಟೇ ಜಾಗ ಹಿಡಿಯುತ್ತದೆ. ಹರಳಿನ ತೂಕಕ್ಕೆ ರೆಸಿನ್ ಸುಮಾರು 7 ಶೇಕಡಾ ಬೇಕು. ಸಂಜೆ ಡಬ್ಬ ಮುಗಿಯುತ್ತಾ ಬಂದಾಗ ಕೊನೆಯ ಮಿಕ್ಸರಿಗೆ ಕೈ ಬಿಗಿಹಿಡಿದರೆ ಮುಂದಿನ ಚಳಿಗಾಲದಲ್ಲಿ ಅದು ಹೀಗೆ ಹೊರಬೀಳುತ್ತದೆ.

ಉದುರಿದ ಹರಳನ್ನು ಭೂತಗನ್ನಡಿಯಲ್ಲಿ ನೋಡಿ. ಮೈಮೇಲೆ ಹೊಳಪಿನ ಲೇಪವೇ ಇಲ್ಲದೆ ಬರಿಗಲ್ಲಾಗಿದ್ದರೆ ರೆಸಿನ್ ಕಡಿಮೆಯಾಗಿದೆ, ಇಲ್ಲವೇ ಕಲಸಿದ್ದು ಸಾಲದು. ಹರಳುಗಳ ನಡುವೆ ಬಿಳಿಯ ನೊರೆ, ಸೂಜಿಮೊನೆಯಷ್ಟು ಗುಳ್ಳೆಗಳು ಕಂಡರೆ ಹಾಕುವಾಗ ತೇವ ಸೇರಿದೆ. ಪಾಲಿಯುರೆಥೇನಿನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ನೀರಿನೊಂದಿಗೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಗಟ್ಟಿಯಾಗಬೇಕಾದದ್ದು ಸ್ಪಂಜಿನಂತೆ ಉಬ್ಬುತ್ತದೆ. ಹಾಕಿದ ಮೇಲೆ ಪೂರ್ತಿ ಗಟ್ಟಿಯಾದ ರೆಸಿನಿಗೆ ಮಳೆಯಿಂದ ಏನೂ ಆಗದು, ಆದರೆ ಹಸಿ ರೆಸಿನಿಗೆ ಇಬ್ಬನಿಯೂ ಸಾಕು. ಈ ನೊರೆ ಕಂಡ ಜಾಗಕ್ಕೆ ಮೇಲೆ ಏನು ಬಳಿದರೂ ಪ್ರಯೋಜನವಿಲ್ಲ, ಕತ್ತರಿಸಿ ತೆಗೆಯಬೇಕು.

ಬಿಡಿ ಹರಳಿನ ಬದಲು ಬಿಸ್ಕತ್ತಿನಂತೆ ಹಲ್ಲೆಯೇ ಎದ್ದು ಬಂದರೆ ಪದರ ತಳಕ್ಕೆ ಅಂಟಿಲ್ಲ. ಹೊಸ ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡುವಂತೆ ಸುತ್ತಲೂ ತಟ್ಟಿ, ಟೊಳ್ಳು ಸದ್ದು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೂ ಹೋಗಿದೆ ಎಂದು ಗುರುತು ಹಾಕಿ. ಆ ಟೊಳ್ಳಿನಲ್ಲಿ ನೀರು ಸೇರಿ ಹೆಪ್ಪುಗಟ್ಟಿ ಪ್ರತಿ ರಾತ್ರಿ ಇಷ್ಟಿಷ್ಟೇ ಎತ್ತುತ್ತಿರುತ್ತದೆ. ಡಿಸೆಂಬರಿನಲ್ಲಿ ಅಂಗೈಯಗಲ ಇದ್ದದ್ದು ಫೆಬ್ರುವರಿಗೆ ಬಾಗಿಲಗಲ ಆಗುವುದು ಹೀಗೆ.

ಹಿಮ ಎತ್ತುವ ಸಲಿಕೆಯನ್ನೂ ಒಮ್ಮೆ ನೋಡಿ. ಕಬ್ಬಿಣದ್ದಾದರೆ ಗೆರೆಗೆರೆಯಾಗಿ ಹರಳು ಕೀಳುತ್ತಿರುವುದು ಅದೇ ಇರಬಹುದು. ಪ್ಲಾಸ್ಟಿಕ್ ಸಲಿಕೆ ಸಾಕು.

ಹಸಿರು, ಕಂದು, ಬಿಳಿ

ಹಸಿರು ನಮಗೆ ಹೊಸತಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಅಂಗಳಕ್ಕೆ ಸೋಗೆ ಹಾಸುತ್ತಿದ್ದುದು ಪಾಚಿಯಲ್ಲಿ ಕಾಲು ಜಾರದಿರಲೆಂದೇ. ಇಲ್ಲಿ ಉತ್ತರಕ್ಕೆ ಮುಖ ಮಾಡಿದ ಅಂಗಳಕ್ಕೆ ನವೆಂಬರಿನಿಂದ ಜನವರಿವರೆಗೆ ಬಿಸಿಲೇ ತಾಗುವುದಿಲ್ಲ. ಪಾಚಿ ಬೆಳೆಯಲು ಇನ್ನೇನು ಬೇಕು. ಆದರೆ ಜಾರುವುದೆಲ್ಲ ಪಾಚಿಯಿಂದಲ್ಲ. ನೆರಳಿನ ಭಾಗ ಮಾತ್ರ ಜಾರಿದರೆ ಪಾಚಿ. ಬಿಸಿಲು ಬೀಳುವ, ಸ್ವಚ್ಛವಾಗಿ ಕಾಣುವ ಭಾಗವೂ ಒದ್ದೆಯಲ್ಲಿ ಜಾರಿದರೆ ಹರಳಿನ ಮೇಲೆ ರೆಸಿನ್ ದಪ್ಪಗೆ ತೇಲಿ ನಿಂತಿದೆ, ಅಥವಾ ಕಾಲಿಗೆ ಹಿಡಿತ ಸಿಗಲೆಂದು ಹಸಿಯಿದ್ದಾಗ ಉದುರಿಸಬೇಕಾದ ಗಾಜಿನ ಪುಡಿಯನ್ನು ಉದುರಿಸಿಲ್ಲ. ಜಗಳ ಕೋರ್ಟಿನತ್ತ ಹೋಗುವಂತಿದ್ದರೆ ನೆಲ ಎಷ್ಟು ಜಾರುತ್ತದೆ ಎಂದು ತೂಗುವ ಲೋಲಕದಿಂದ ಅಳೆಯುವ ಲೋಲಕ ಪರೀಕ್ಷೆ ಮಾಡಿಸಬಹುದು. ಒದ್ದೆ ನೆಲದಲ್ಲಿ 36 ಅಥವಾ ಹೆಚ್ಚು ಬಂದರೆ ಜಾರುವ ಅಪಾಯ ಕಡಿಮೆ ಎಂದು ಬ್ರಿಟನ್ನಿನಲ್ಲಿ ಒಪ್ಪುತ್ತಾರೆ.

ಪಾಚಿಗೆ ನೀರು ಬೆರೆಸಿದ ಬ್ಲೀಚ್ ಸಾಕು. ಆಮ್ಲ ಇರುವ ಇನ್ನಾವ ದ್ರಾವಣವನ್ನೂ ಅದರ ಜೊತೆ ಸೇರಿಸಬೇಡಿ, ವಿಷಾನಿಲ ಬರುತ್ತದೆ. ಹುಲ್ಲುಹಾಸಿನ ಪಾಚಿಗೆ ಮಾರುವ ಪುಡಿಯನ್ನಂತೂ ಇತ್ತ ತರಲೇಬೇಡಿ. ಅದರಲ್ಲಿ ಕಬ್ಬಿಣದ ಸಲ್ಫೇಟ್ ಇರುತ್ತದೆ. ನನ್ನನ್ನು ಕರೆದ ಕಂದು ಕಲೆಗಳ ದೂರುಗಳಲ್ಲಿ ಅತಿ ಸುಲಭದ್ದು ಇದರದೇ: ತುಕ್ಕಿನ ಬಣ್ಣದ ಬೂಟುಗುರುತುಗಳು ಹುಲ್ಲಿನಿಂದ ಹೊರಟು ನೇರ ಅಡುಗೆಮನೆಯ ಬಾಗಿಲಿಗೆ ಹೋಗಿದ್ದವು. ಯಜಮಾನರು ಮಾತಾಡಲಿಲ್ಲ. ಗುರುತಿಗೆ ಆಕಾರವಿಲ್ಲದೆ, ಅಲ್ಲೊಂದು ಇಲ್ಲೊಂದು ಹರಳಿನ ಸುತ್ತ ಚುಕ್ಕೆಯಾಗಿ ತುಕ್ಕು ಒಸರಿದರೆ ಆ ಹರಳಿನಲ್ಲೇ ಕಬ್ಬಿಣದ ಅಂಶವಿದೆ. ಅದೊಂದನ್ನು ಕಿತ್ತು ಬೇರೆ ಅಂಟಿಸುವುದೇ ದಾರಿ. ಮರದ ಕೆಳಗೆ ಚಹಾ ಚೆಲ್ಲಿದಂತೆ ಹರಡಿದ ಕಲೆ ಎಲೆಯ ಕಷಾಯದ್ದು, ಬೇಸಿಗೆಯ ಬಿಸಿಲಿಗೆ ಬಹುಪಾಲು ತಾನೇ ಮಾಸುತ್ತದೆ.

ಬಿಳಿಗೆ ನೀರೆರೆದು ನೋಡಿ. ತೊಳೆದು ಹೋಗಿ ಮತ್ತೆ ಬಾರದಿದ್ದರೆ ಉಪ್ಪು. ಉಪ್ಪು ರೆಸಿನಿಗೆ ಅಪಾಯಕಾರಿಯಲ್ಲ, ಆದರೆ ಯಾವ ಉಪ್ಪು ಎಂಬುದು ಮುಖ್ಯ. ಇಲ್ಲಿನ ರಸ್ತೆಗಳಿಗೆ ಉದುರಿಸುವ ಕಂದು ಕಲ್ಲುಪ್ಪಿನ ಹೆಚ್ಚಿನ ಪಾಲು ನಮ್ಮ ಪಕ್ಕದ ಚೆಷರ್ ಸೀಮೆಯ ವಿನ್ಸ್‌ಫರ್ಡ್ ಗಣಿಯಿಂದ ಬರುವುದು. ಅದರಲ್ಲಿ ಕರಗದ ಜೇಡಿಯೂ ಸೇರಿರುತ್ತದೆ. ಉಪ್ಪು ಕರಗಿ ಹೋಗುತ್ತದೆ, ಜೇಡಿ ಸಂದಿನಲ್ಲಿ ಕೂರುತ್ತದೆ. ಬಿಳಿ ಉಪ್ಪು ತುಸು ದುಬಾರಿಯಾದರೂ ಅದನ್ನೇ ಬಳಸಿ, ಮರಳನ್ನು ಮಾತ್ರ ಎಂದಿಗೂ ಎರಚಬೇಡಿ. ನೀರೆರೆದಾಗಲೂ ಹಾಲಿನಂತೆ ಬೆಳ್ಳಗೇ ಉಳಿದರೆ ಮೇಲೆ ಹೇಳಿದ ನೊರೆಯ ಸಂಗತಿ.

ಬಿರುಕು

ನೆಟ್ಟಗೆ ಗೆರೆ ಎಳೆದಂತಿದ್ದರೆ ಕೆಳಗಿನ ಕಾಂಕ್ರೀಟಿನ ಜೋಡಣೆ ಮೇಲಕ್ಕೆ ಮೂಡಿದೆ. ಚಳಿಗೆ ಕಾಂಕ್ರೀಟ್ ಕುಗ್ಗಿ ಜನವರಿಯಲ್ಲಿ ಅಗಲವಾಗುತ್ತದೆ, ಜುಲೈಯಲ್ಲಿ ಕಾಣೆಯಾದಂತೆ ಇರುತ್ತದೆ. ರೆಸಿನ್ ತುಂಬಿ ಮುಚ್ಚಿದರೆ ಮುಂದಿನ ಚಳಿಗೆ ಮತ್ತೆ ಬಿಡುತ್ತದೆ. ಅದೇ ಗೆರೆಯಲ್ಲಿ ಕತ್ತರಿಸಿ ಲೋಹದ ಪಟ್ಟಿಯಿಟ್ಟು ಜೋಡಣೆಯಾಗಿಯೇ ಬಿಡಬೇಕು. ಮರದ ದಿಕ್ಕಿಗೆ ಕವಲೊಡೆದಿದ್ದರೆ ಬೇರು.

ದುರಸ್ತಿ ಯಾವಾಗ

ಪತ್ತೆ ಚಳಿಗಾಲದ ಕೆಲಸ, ತೇಪೆ ಅಲ್ಲ. ನೆಲ, ಹರಳು ಎರಡೂ ಒಣಗಿರಬೇಕು, ಉಷ್ಣಾಂಶ 5 ಡಿಗ್ರಿಗಿಂತ ಮೇಲಿರಬೇಕು, ನೆಲದ ಶಾಖ ಇಬ್ಬನಿ ಕೂರುವ ಬಿಂದುವಿಗಿಂತ 3 ಡಿಗ್ರಿಯಾದರೂ ಹೆಚ್ಚಿರಬೇಕು. ಡಿಸೆಂಬರಿನ ಸ್ಟಾಕ್‌ಪೋರ್ಟಿನಲ್ಲಿ ಈ ಮೂರೂ ಒಟ್ಟಿಗೆ ಕೂಡಿ ಬರುವ ಮಧ್ಯಾಹ್ನಗಳನ್ನು ಬೆರಳಲ್ಲಿ ಎಣಿಸಬಹುದು. ನಾಳೆಯೇ ಬಂದು ಹಾಕಿಕೊಡುತ್ತೇನೆ ಎನ್ನುವವರಿಗೆ ಡೇರೆ, ಹೀಟರ್ ಇವೆಯೇ ಎಂದು ಕೇಳಿ. ಅಲ್ಲಿಯವರೆಗೆ ಕಳಚಿದ ಜಾಗಕ್ಕೆ ಕಾರು ಹತ್ತಿಸಬೇಡಿ, ಜಾರುವ ಕಡೆ ಬಿಳಿ ಉಪ್ಪು ಹಾಕಿ, ಏಪ್ರಿಲ್ ಕೊನೆಗೆ ಕಾಯಿರಿ.

ಕಾಯುವಾಗ ಮಾಡಬಹುದಾದದ್ದು ಒಂದಿದೆ. ಹಾಕಿಸಿದಾಗಿನ ಕಾಗದ ಹುಡುಕಿ ಹರಳಿನ ಮಿಶ್ರಣದ ಹೆಸರು ಬರೆದಿಟ್ಟುಕೊಳ್ಳಿ. ಉದುರಿದ ಹರಳನ್ನು ಎಸೆಯದೆ ಡಬ್ಬಿಯಲ್ಲಿಡಿ. ನಮ್ಮ ಗ್ಯಾರೇಜಿನ ಮುಂದೆ ಚರಂಡಿ ಕೂರಿಸಿದವರು ಅಂಚಿಗೆ ಹೊಂದುವ ಹರಳು ಕೇಳಿದಾಗ ನನ್ನ ಬಳಿ ಹೆಸರೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಜಾಲರಿಯ ಎರಡೂ ಬದಿಗೆ ಈಗ ಒಂದು ಗೇಣಗಲದ ಪಟ್ಟೆ ಉಳಿದ ಅಂಗಳಕ್ಕಿಂತ ತುಸು ಕೆಂಪಗಿದೆ. ಮಳೆ ಬಂದಾಗ ಅದು ಇನ್ನೂ ಚೆನ್ನಾಗಿ ಕಾಣುತ್ತದೆ, ಅದರ ಮೇಲೆ ನೀರು ಮಾತ್ರ ನಿಲ್ಲುವುದಿಲ್ಲ.